ಮುಚ್ಚಿದ ಎಲೆ ಯಾರ್ಯಾರಿಗೆ ಕಾಣುತ್ತದೆ? ಆನ್‌ಲೈನ್ ಪೋಕರ್‌ನ ಭದ್ರತೆಯ ಬಿರುಕುಗಳು

ಎದುರುಬದುರು ಕೂತು ಇಸ್ಪೀಟು ಆಡುವಾಗ ಎಲೆ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಎಲ್ಲ ಕಣ್ಣೆದುರೇ ಇರುತ್ತದೆ. ಕಲಸುವವರ ಕೈ ಕಾಣುತ್ತದೆ, ಕಟ್ಟು ಕಾಣುತ್ತದೆ. ನಿಮ್ಮ ಪಾಲಿನ ಎಲೆ ಬೋರಲಾಗಿ ಬಂದು ನಿಮ್ಮ ಮುಂದೆ ಬೀಳುತ್ತದೆ. ಅದರ ಮೂಲೆ ಎತ್ತಿ ನೀವೊಬ್ಬರೇ ನೋಡಿಕೊಳ್ಳುತ್ತೀರಿ.

ಆನ್‌ಲೈನ್‌ನಲ್ಲಿ ಎಲೆ ಅಂದರೆ ಒಂದು ಸಂಖ್ಯೆ ಅಷ್ಟೆ. ಅದು ದೂರದ ಯಾವುದೋ ಸರ್ವರ್‌ನಲ್ಲಿ ಹುಟ್ಟುತ್ತದೆ. ಅಲ್ಲಿನ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತದೆ. ಆಮೇಲೆ ಹಲವು ಯಂತ್ರಗಳನ್ನು ದಾಟಿ ನಿಮ್ಮ ವೈಫೈಗೆ ಬರುತ್ತದೆ. ನಿಮ್ಮ ಆ್ಯಪ್ ಅದನ್ನು ಓದಿ ಆಟೀನ್ ರಾಣಿಯೋ ಕಳಾವರ್ ಏಳೋ ಅಂತ ಪರದೆಯ ಮೇಲೆ ಚಿತ್ರ ತೋರಿಸುತ್ತದೆ. ಈ ದಾರಿಯ ಪ್ರತಿ ತಿರುವಿನಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣ ಎಲೆ ಎಲ್ಲಿದೆ, ಅದು ಯಾರಿಗೆಲ್ಲ ಕಾಣುತ್ತಿದೆ?

ಆಟದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಪೋಕರ್‌ನಲ್ಲಿ ಜಾಸ್ತಿ ಜನ ಆಡುವ ಬಗೆಗೆ ಟೆಕ್ಸಾಸ್ ಹೋಲ್ಡೆಮ್ ಅಂತ ಹೆಸರು. ಅದರಲ್ಲಿ ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ ಸಿಗುತ್ತವೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚಿಕೊಳ್ಳುತ್ತವೆ. ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಡುನಡುವೆ ಬಾಜಿ ಕಟ್ಟುತ್ತಾರೆ. ಎದುರಾಳಿಯ ಎರಡು ಎಲೆ ಗೊತ್ತಿಲ್ಲದಿರುವುದೇ ಇಡೀ ಆಟ. ಅದು ಗೊತ್ತಾದರೆ ಆಟವೇ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಕಳ್ಳನಿಗೆ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಬೇಕಿಲ್ಲ. ಆ ಎರಡು ಸಂಖ್ಯೆ ಸಿಕ್ಕರೆ ಸಾಕು, ದುಡ್ಡನ್ನು ನೀವೇ ಅವನ ಕೈಗೆ ಕೊಡುತ್ತೀರಿ.

ನನ್ನನ್ನು ತುಂಬ ಕಾಡುವುದು ಇದರ ಇನ್ನೊಂದು ಮುಖ. ಬ್ಯಾಂಕ್ ಖಾತೆಯಿಂದ ದುಡ್ಡು ಹೋದರೆ ಮೆಸೇಜ್ ಬರುತ್ತದೆ, ಲೆಕ್ಕ ತಪ್ಪುತ್ತದೆ, ನಿಮಗೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ನೀವು ಸೋಲುತ್ತೀರಿ, ಅಷ್ಟೆ. ಇವತ್ತು ಎಲೆ ಚೆನ್ನಾಗಿ ಬೀಳಲಿಲ್ಲ, ನಾನೇ ಸರಿಯಾಗಿ ಆಡಲಿಲ್ಲ ಅಂದುಕೊಂಡು ಎದ್ದು ಹೋಗುತ್ತೀರಿ. ಕಳ್ಳತನವೂ ದುರದೃಷ್ಟವೂ ನೋಡಲು ಒಂದೇ ಥರ ಇರುತ್ತವೆ. ಮುಂದೆ ಹೇಳುವ ಪ್ರಕರಣಗಳಲ್ಲಿ ಒಂದು ವರ್ಷಗಟ್ಟಲೆ ನಡೆದಿದ್ದು ಇದೇ ಕಾರಣಕ್ಕೆ.

ಕಲಸುವಾಗಲೇ ತಪ್ಪಿದ ಲೆಕ್ಕ

52 ಎಲೆಗಳ ಕಟ್ಟನ್ನು ಎಷ್ಟು ಬೇರೆ ಬೇರೆ ಕ್ರಮದಲ್ಲಿ ಜೋಡಿಸಬಹುದು? 68 ಅಂಕೆಗಳಷ್ಟು ಉದ್ದದ ಸಂಖ್ಯೆ ಅದು. 8 ಬರೆದು ಮುಂದೆ 67 ಸೊನ್ನೆ ಹಾಕಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 226 ಬಿಟ್, ಅಂದರೆ 226 ಸೊನ್ನೆ-ಒಂದುಗಳ ಸಾಲು. ಪ್ರತಿಯೊಂದು ಕ್ರಮಕ್ಕೂ ಸಮನಾದ ಅವಕಾಶ ಇದ್ದರೆ ಮಾತ್ರ ಕಲಸಿದ್ದು ಸರಿ.

ಆದರೆ ಕಂಪ್ಯೂಟರಿಗೆ ತಾನಾಗಿಯೇ ಏನನ್ನೂ ಅಡ್ಡಾದಿಡ್ಡಿ ಮಾಡಲು ಬರುವುದಿಲ್ಲ. ಒಂದು ಆರಂಭದ ಸಂಖ್ಯೆಯನ್ನು ಕೊಟ್ಟರೆ, ಅದರಿಂದ ಅಡ್ಡಾದಿಡ್ಡಿಯಾಗಿ ಕಾಣುವ ಸಂಖ್ಯೆಗಳ ಸಾಲನ್ನು ಹೆಣೆಯುತ್ತದೆ. ಈ ಮೊದಲ ಸಂಖ್ಯೆಯನ್ನು ಬೀಜ ಅನ್ನುತ್ತಾರೆ. ಬೀಜ ಒಂದೇ ಆದರೆ ಸಾಲೂ ಒಂದೇ. ಅಂದರೆ ಬೀಜ ಗೊತ್ತಾದವನಿಗೆ ಇಡೀ ಕಟ್ಟು ಗೊತ್ತು.

1999ರಲ್ಲಿ ಆಗಿದ್ದು ಇದೇ. ಎಎಸ್ಎಫ್ ಸಾಫ್ಟ್‌ವೇರ್ ಎಂಬ ಕಂಪನಿಯ ತಂತ್ರಾಂಶವನ್ನು ಪ್ಲಾನೆಟ್ ಪೋಕರ್‌ನಂಥ ಆಟದ ತಾಣಗಳು ಬಳಸುತ್ತಿದ್ದವು. ನಾವು ಎಷ್ಟು ನ್ಯಾಯವಾಗಿ ಕಲಸುತ್ತೇವೆ ನೋಡಿ ಅಂತ ಕಂಪನಿ ತನ್ನ ಕಲಸುವ ಕೋಡನ್ನೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಿತ್ತು. ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್‌ನ ತಂಡ ಅದನ್ನು ಓದಿತು. ಮೊದಲ ಸಮಸ್ಯೆ ಅಲ್ಲೇ ಕಂಡಿತು: ಬೀಜದ ಉದ್ದ 32 ಬಿಟ್ ಮಾತ್ರ. ಅಂದರೆ ಸುಮಾರು 429 ಕೋಟಿ ಬಗೆಯ ಕಟ್ಟುಗಳಷ್ಟೇ ಸಾಧ್ಯ. 68 ಅಂಕೆಯ ಸಂಖ್ಯೆಯ ಮುಂದೆ 429 ಕೋಟಿ ಏನೇನೂ ಅಲ್ಲ. ಮುಂದಿನದು ಇನ್ನೂ ಕೆಟ್ಟದು. ಆ ಬೀಜವನ್ನು ಗಡಿಯಾರದಿಂದ ತೆಗೆಯುತ್ತಿದ್ದರು. ನಡುರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆದಿದೆ ಅನ್ನುವುದೇ ಬೀಜ. ಒಂದು ದಿನದಲ್ಲಿ ಇರುವುದು 8.64 ಕೋಟಿ ಮಿಲಿಸೆಕೆಂಡ್. ಸರ್ವರ್‌ನ ಗಡಿಯಾರಕ್ಕೆ ನಿಮ್ಮ ಗಡಿಯಾರವನ್ನು ಹೆಚ್ಚುಕಡಿಮೆ ಹೊಂದಿಸಿಕೊಂಡರೆ ಸಾಧ್ಯತೆಗಳು ಸುಮಾರು 2 ಲಕ್ಷಕ್ಕೆ ಇಳಿದುಬಿಡುತ್ತವೆ.

2 ಲಕ್ಷ ಕಟ್ಟುಗಳನ್ನು ಒಂದೊಂದಾಗಿ ಕಲಸಿ ನೋಡುವುದು ಅಂದಿನ ಕಂಪ್ಯೂಟರಿಗೂ ಚಿಟಿಕೆ ಹೊಡೆದಷ್ಟು ಸುಲಭ. ತಂಡದ ಪ್ರೋಗ್ರಾಂಗೆ ಬೇಕಾಗಿದ್ದು ಐದೇ ಎಲೆ: ನಿಮ್ಮ ಕೈಯಲ್ಲಿರುವ ಎರಡು, ನಡುವೆ ಬಿಚ್ಚಿದ ಮೊದಲ ಮೂರು. ಆ ಐದಕ್ಕೂ ಹೊಂದುವ ಕಟ್ಟನ್ನು ಅದು ಹುಡುಕುತ್ತಿತ್ತು. ಸಿಕ್ಕ ಮೇಲೆ ಎಲ್ಲರ ಮುಚ್ಚಿದ ಎಲೆಗಳೂ, ಇನ್ನೂ ಬಿಚ್ಚದ ಎಲೆಗಳೂ ಪರದೆಯ ಮೇಲೆ. ತಂತಿಯನ್ನು ಯಾರೂ ಮುಟ್ಟಲಿಲ್ಲ, ಸರ್ವರಿಗೆ ಯಾರೂ ನುಗ್ಗಲಿಲ್ಲ. ಬರೀ ಲೆಕ್ಕ ಮಾಡಿದ್ದು.

ಅದೇ ಕೋಡಿನಲ್ಲಿ ಇನ್ನೊಂದು ಸೂಕ್ಷ್ಮ ತಪ್ಪಿತ್ತು. ಅದನ್ನು ವಿವರಿಸಲೇಬೇಕು ಅನ್ನಿಸುತ್ತದೆ, ಯಾಕೆಂದರೆ ಈ ತಪ್ಪನ್ನು ಕೋಡ್ ಬರೆಯುವವರು ಇವತ್ತಿಗೂ ಮಾಡುತ್ತಾರೆ. ಮೂರೇ ಎಲೆ ಇವೆ ಅಂದುಕೊಳ್ಳಿ. ಪ್ರತಿ ಎಲೆಯನ್ನೂ ಮೂರು ಜಾಗಗಳಲ್ಲಿ ಯಾವುದಾದರೂ ಒಂದರ ಜೊತೆ ಅದಲುಬದಲು ಮಾಡುತ್ತಾ ಹೋಗುತ್ತೀರಿ. ನೋಡಲು ನ್ಯಾಯವಾಗಿಯೇ ಇದೆ, ಅಲ್ವಾ? ಹೀಗೆ ಮಾಡಿದರೆ ಒಟ್ಟು 27 ದಾರಿಗಳು. ಆದರೆ ಮೂರು ಎಲೆಗಳ ಜೋಡಣೆ ಆರೇ. 27ನ್ನು 6ರಿಂದ ಸಮನಾಗಿ ಹಂಚಲು ಬರುವುದಿಲ್ಲ. ಹಾಗಾಗಿ ಮೂರು ಜೋಡಣೆಗಳಿಗೆ ತಲಾ ಐದು ದಾರಿ, ಉಳಿದ ಮೂರಕ್ಕೆ ತಲಾ ನಾಲ್ಕು ದಾರಿ ಆಗುತ್ತದೆ. ಕೆಲವು ಕ್ರಮ ಹೆಚ್ಚು ಸಲ ಬರುತ್ತವೆ. ಸರಿಯಾದ ವಿಧಾನಕ್ಕೆ ಫಿಷರ್–ಯೇಟ್ಸ್ ಅಂತ ಹೆಸರು. ಒಮ್ಮೆ ಜಾಗ ನಿಗದಿಯಾದ ಎಲೆಯನ್ನು ಅದು ಮತ್ತೆ ಮುಟ್ಟುವುದಿಲ್ಲ. ಮೂರರಲ್ಲಿ ಒಂದು, ಆಮೇಲೆ ಉಳಿದ ಎರಡರಲ್ಲಿ ಒಂದು. ಒಟ್ಟು ಆರು ದಾರಿ, ಆರು ಜೋಡಣೆ. ಒಂದು ಸಾಲಿನಷ್ಟೇ ವ್ಯತ್ಯಾಸ.

ಕೋಡನ್ನು ಬಹಿರಂಗ ಮಾಡಿದ್ದಕ್ಕೇ ಸಿಕ್ಕಿಬಿದ್ದರು ಅಂತ ಕೆಲವರು ಈ ಕಥೆಯಿಂದ ತಿಳಿದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೋಡನ್ನು ಬಚ್ಚಿಟ್ಟಿದ್ದರೂ ತಪ್ಪು ಅಲ್ಲೇ ಇರುತ್ತಿತ್ತು. ಒಳ್ಳೆಯವರ ಬದಲು ಕೆಟ್ಟವರು ಅದನ್ನು ಕಂಡುಹಿಡಿಯುತ್ತಿದ್ದರು, ಸುಮ್ನೆ ಬಾಯಿ ಮುಚ್ಚಿಕೊಂಡು ಆಡುತ್ತಿದ್ದರು. ಇವತ್ತು ಹೊಣೆಯಿಂದ ನಡೆಸುವ ತಾಣಗಳು ಗಡಿಯಾರವನ್ನು ನಂಬುವುದಿಲ್ಲ. ಯಂತ್ರದೊಳಗಿನ ಭೌತಿಕ ಗದ್ದಲದಿಂದ ನಿಜವಾದ ಅಡ್ಡಾದಿಡ್ಡಿತನವನ್ನು ತೆಗೆದು, ಗೂಢಲಿಪಿಯ ಕೆಲಸಕ್ಕೆಂದೇ ಮಾಡಿದ ವಿಧಾನಗಳಿಗೆ ಕೊಡುತ್ತವೆ. ಹೊರಗಿನ ಪ್ರಯೋಗಾಲಯಗಳಿಂದ ಪರೀಕ್ಷೆಯನ್ನೂ ಮಾಡಿಸುತ್ತವೆ. ಈ ಒಂದು ಬಿರುಕು ಮಟ್ಟಿಗೆ ಉದ್ಯಮ ಪಾಠ ಕಲಿತಿದೆ ಅಂತ ಧೈರ್ಯವಾಗಿ ಹೇಳಬಹುದು.

ದಾರಿಯಲ್ಲಿ ಕದ್ದು ನೋಡುವವರು

ಎಲೆ ಸರಿಯಾಗಿ ಕಲಸಿತು ಅಂದುಕೊಳ್ಳೋಣ. ಈಗ ಅದು ನಿಮ್ಮ ಹತ್ತಿರ ಬರಬೇಕು.

ಇಂಟರ್‌ನೆಟ್‌ನಲ್ಲಿ ಹೋಗುವ ಸಂದೇಶ ಅಂಟಿಸದ ಕಾಗದದ ಥರ. ಕೈಯಿಂದ ಕೈಗೆ ದಾಟುತ್ತದೆ. ದಾಟಿಸುವ ಪ್ರತಿಯೊಬ್ಬರೂ ಓದಬಹುದು. ಅದರಲ್ಲೂ ಹೋಟೆಲ್, ವಿಮಾನ ನಿಲ್ದಾಣದ ವೈಫೈ ಇನ್ನೂ ಸಡಿಲ. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಸಂದೇಶಗಳು ಗಾಳಿಯಲ್ಲಿ ತೆರೆದೇ ಹರಿಯುತ್ತವೆ. ಪಾಸ್‌ವರ್ಡ್ ಇದ್ದರೂ ಅದೇ ನೆಟ್‌ವರ್ಕ್‌ನೊಳಗೆ ಕೂತವನು ನಿಮ್ಮ ಲ್ಯಾಪ್‌ಟಾಪ್‌ಗೆ 'ನಾನೇ ರೌಟರ್' ಅಂತ ಸುಳ್ಳು ಹೇಳಬಹುದು. ಲ್ಯಾಪ್‌ಟಾಪ್ ಅದನ್ನು ನಂಬಿ ಎಲ್ಲ ಸಂದೇಶಗಳನ್ನೂ ಅವನ ಮೂಲಕವೇ ಕಳಿಸುತ್ತದೆ. ಇದಕ್ಕೆ ಎಆರ್‌ಪಿ ಸ್ಪೂಫಿಂಗ್ ಅನ್ನುತ್ತಾರೆ. ಹಳೆಯ ತಂತ್ರ, ಉಚಿತ ತಂತ್ರಾಂಶ ಸಾಕು.

ಆದ್ದರಿಂದಲೇ ಸಂದೇಶಕ್ಕೆ ಬೀಗ ಬೇಕು, ಅಂದರೆ ಕೀಲಿ ಇದ್ದವರು ಮಾತ್ರ ಓದಲು ಆಗುವಂತೆ ಅದನ್ನು ಗೂಢಲಿಪಿಗೆ ಬದಲಾಯಿಸಬೇಕು. ಬೀಗ ಹೇಗಿರಬಾರದು ಅನ್ನುವುದಕ್ಕೆ 2010ರ ಘಟನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಮೇ ತಿಂಗಳಲ್ಲಿ ಪೋಕರ್ ಟೇಬಲ್ ರೇಟಿಂಗ್ಸ್ ಎಂಬ ತಾಣದವರು ಸೀರಿಯಸ್ ನೆಟ್‌ವರ್ಕ್‌ನ ಸಂದೇಶಗಳನ್ನು ಪರೀಕ್ಷಿಸಿದರು. ಆಬ್ಸಲ್ಯೂಟ್ ಪೋಕರ್ ಮತ್ತು ಅಲ್ಟಿಮೇಟ್ ಬೆಟ್ ಎಂಬ ಎರಡು ದೊಡ್ಡ ತಾಣಗಳು ಸೇರಿ ಆದ ನೆಟ್‌ವರ್ಕ್ ಅದು. ಎಲ್ಲರೂ ಬಳಸುವ ಎಸ್ಎಸ್ಎಲ್ ಬೀಗದ ಬದಲು ಅಲ್ಲಿ ಎಕ್ಸಾರ್ ಎಂಬ ಸರಳ ಕ್ರಿಯೆಯನ್ನು ನೆಚ್ಚಿದ ಮನೆಯಲ್ಲೇ ಮಾಡಿದ ಬೀಗವಿತ್ತು. ಅದೇ ವೈಫೈನಲ್ಲಿ ಕೂತವರು ಮುಚ್ಚಿದ ಎಲೆಗಳನ್ನು ನೋಡಬಹುದಿತ್ತು, ಖಾತೆಯನ್ನೂ ಕೈಗೆ ತೆಗೆದುಕೊಳ್ಳಬಹುದಿತ್ತು.

ಎಕ್ಸಾರ್ ಬೀಗ ಯಾಕೆ ಇಷ್ಟು ದುರ್ಬಲ? ಕೂಡಿಸುವ ಲೆಕ್ಕದಲ್ಲಿ ನೋಡೋಣ. ನಿಮ್ಮ ಸಂದೇಶ 315. ಗುಟ್ಟಿನ ಕೀಲಿ 472. ದಶಕ ಒಯ್ಯದೆ ಅಂಕೆಗೆ ಅಂಕೆ ಕೂಡಿಸಿ: 787. ದಾರಿಯಲ್ಲಿ ಹೋಗುವುದು 787. ನೋಡುವವನಿಗೆ ಅರ್ಥವಾಗುವುದಿಲ್ಲ, ನಿಜ. ಆದರೆ ಆ ಸಂದೇಶ 315 ಇರಬೇಕು ಅಂತ ಅವನಿಗೆ ಹೇಗೋ ಗೊತ್ತಾದರೆ? 787ರಿಂದ 315 ಕಳೆಯುತ್ತಾನೆ. ಕೀಲಿ 472 ಕೈಗೆ ಬಂತು. ಮುಂದಿನ ಸಂದೇಶಕ್ಕೂ ಅದೇ ಕೀಲಿ ಬಳಸಿದ್ದರೆ ಮುಗಿಯಿತು. 698 ಹೋಗುತ್ತಿದ್ದರೆ 472 ಕಳೆದು 226 ಅಂತ ಓದಿಬಿಡುತ್ತಾನೆ.

ಪೋಕರ್ ಸಂದೇಶಗಳಲ್ಲಿ ಮೊದಲೇ ಗೊತ್ತಿರುವ ಭಾಗ ಬೇಕಾದಷ್ಟು ಇರುತ್ತದೆ. ಟೇಬಲ್ಲಿನ ಹೆಸರು, ಆಟಗಾರರ ಹೆಸರು, ಬಾಜಿಯ ಮೊತ್ತ. ಕಳ್ಳ ತಾನೇ ಒಂದು ಖಾತೆ ತೆರೆದು, ತನಗೆ ಬರುವ ಸಂದೇಶಗಳ ಆಕಾರವನ್ನು ಪೂರ್ತಿ ಕಲಿತುಕೊಳ್ಳಬಹುದು. ಎಕ್ಸಾರ್ ಕ್ರಿಯೆಯೇ ಕೆಟ್ಟದು ಅಂತ ಅಲ್ಲ. ಆಧುನಿಕ ಬೀಗಗಳ ಒಳಗೂ ಅದು ಇದೆ. ಆದರೆ ಅಲ್ಲಿ ಕೀಲಿಯ ಸಾಲು ಎಂದೂ ಮರುಕಳಿಸುವುದಿಲ್ಲ, ಊಹೆಗೂ ಸಿಗುವುದಿಲ್ಲ. ಚಿಕ್ಕ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಿದಾಗ ಮಾತ್ರ ಅದು ಬೀಗವೇ ಅಲ್ಲ.

ಅದೇ ವರ್ಷ ಕೇಕ್ ಪೋಕರ್‌ನ ನೆಟ್‌ವರ್ಕ್‌ನಲ್ಲೂ ಇಂಥದೇ ದೋಷ ಸಿಕ್ಕಿತು. ಸೀರಿಯಸ್‌ನವರು ಆಮೇಲೆ ಎಸ್ಎಸ್ಎಲ್ ಬೀಗ ಹಾಕಿಕೊಡುವ ಓಪನ್ಎಸ್ಎಸ್ಎಲ್ ಎಂಬ ತಂತ್ರಾಂಶಕ್ಕೆ ಬದಲಾದರು. ನನಗೆ ಸಿಟ್ಟು ಬರುವುದು ಇಲ್ಲೇ. 2010ರ ಹೊತ್ತಿಗೆ ಎಸ್ಎಸ್ಎಲ್ ಬಂದು 15 ವರ್ಷ ಆಗಿತ್ತು. ಓಪನ್ಎಸ್ಎಸ್ಎಲ್ ಅನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದಿತ್ತು. ಜನರ ದುಡ್ಡು ಓಡಾಡುವ ಜಾಗದಲ್ಲಿ ಅದನ್ನು ಬಳಸದೇ ಇದ್ದದ್ದಕ್ಕೆ ನನಗೆ ಯಾವ ಒಳ್ಳೆಯ ಕಾರಣವೂ ಕಾಣುವುದಿಲ್ಲ.

ಎಸ್ಎಸ್ಎಲ್‌ನ ಮುಂದಿನ ತಲೆಮಾರಿಗೆ ಟಿಎಲ್ಎಸ್ ಅಂತ ಹೆಸರು. 2018ರಲ್ಲಿ ಅದರ 1.3 ಆವೃತ್ತಿ ಬಂತು. ಸರಿಯಾದ ಬೀಗ ಮೂರು ಕೆಲಸ ಮಾಡುತ್ತದೆ. ಓದದಂತೆ ಮುಚ್ಚುವುದು ಒಂದು, ಇದು ಎಲ್ಲರಿಗೂ ಗೊತ್ತು. ದಾರಿಯಲ್ಲಿ ಯಾರೂ ತಿದ್ದದಂತೆ ನೋಡಿಕೊಳ್ಳುವುದು ಇನ್ನೊಂದು. ನೀವು 10 ಡಾಲರ್ ಬಾಜಿ ಕಟ್ಟಿದ್ದು ಸರ್ವರಿಗೆ 100 ಅಂತ ತಲುಪಿದರೆ? ಓದಲಾಗದ ಸಂದೇಶವನ್ನೂ ಕುರುಡಾಗಿ ತಿದ್ದಲು ಆಗುವ ಬೀಗಗಳಿವೆ, ಎಕ್ಸಾರ್ ಅಂಥದ್ದೇ. ಮೂರನೆಯದನ್ನು ಜನ ಮರೆಯುತ್ತಾರೆ: ಆ ತುದಿಯಲ್ಲಿ ಇರುವುದು ನಿಜವಾದ ಸರ್ವರೇ ಹೌದೋ ಅಂತ ಖಚಿತಪಡಿಸುವುದು. ಸರ್ವರಿನ ಗುರುತಿನ ಚೀಟಿಯಂಥ ಪ್ರಮಾಣಪತ್ರಗಳಿರುವುದು ಇದಕ್ಕೇ. ನಡುವೆ ಕೂತವನು ತಾನೇ ಸರ್ವರ್ ಅಂತ ನಟಿಸಿದರೆ, ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಕಂಪನಿ ತಾನೇ ಬರೆದ ಆ್ಯಪ್ ಮಾತ್ರ ಪ್ರಮಾಣಪತ್ರವನ್ನು ಪರೀಕ್ಷಿಸದೆ ಮುಂದೆ ಹೋಗಿಬಿಡಬಹುದು. ಪರೀಕ್ಷೆ ಮಾಡುವಾಗ ತೊಂದರೆ ಆಗುತ್ತದೆ ಅಂತ ಪ್ರೋಗ್ರಾಮರ್ ಆ ತಪಾಸಣೆಯನ್ನು ಆಫ್ ಮಾಡಿ, ಮತ್ತೆ ಆನ್ ಮಾಡಲು ಮರೆಯುವುದು ಆ್ಯಪ್ ಲೋಕದಲ್ಲಿ ಅಪರೂಪವೇನಲ್ಲ. ಆಗ ಬೀಗ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕೀಲಿ ಕಳ್ಳನ ಹತ್ತಿರ.

ಗಟ್ಟಿ ಬೀಗವೂ ಎಲ್ಲವನ್ನೂ ಮುಚ್ಚುವುದಿಲ್ಲ. ಸಂದೇಶದ ಉದ್ದ ಹೊರಗಿನವರಿಗೆ ಕಾಣುತ್ತದೆ. ಎಲೆಯ ಬೆಲೆಯನ್ನು ಅಕ್ಷರದಲ್ಲಿ ಬರೆದು ಕಳಿಸುವ ಆ್ಯಪ್ ಇದೆ ಅಂದುಕೊಳ್ಳಿ. 9 ಬರೆಯಲು ಒಂದು ಅಕ್ಷರ, 10 ಬರೆಯಲು ಎರಡು. ಒಳಗೇನಿದೆ ಅಂತ ಓದದೆಯೇ, ಒಂದು ಅಕ್ಷರ ಜಾಸ್ತಿ ಇದೆ ಅನ್ನುವುದರಿಂದಲೇ ಹತ್ತು ಬಂದಿದೆ ಅಂತ ಗೊತ್ತಾಗುತ್ತದೆ. ಪರಿಹಾರ ಸುಲಭ. ಎಲ್ಲ ಸಂದೇಶಗಳನ್ನೂ ಒಂದೇ ಉದ್ದಕ್ಕೆ ತುಂಬಿಸಿ ಕಳಿಸಬೇಕು. ಆದರೆ ಯಾರಾದರೂ ಮೊದಲೇ ಅದನ್ನು ಯೋಚಿಸಿರಬೇಕು.

ಒಳಗಿನವರೇ ನೋಡಿದರೆ

ಮೇಲಿನ ಎರಡೂ ಬಿರುಕುಗಳನ್ನು ಮುಚ್ಚಿದರೂ ಎಲ್ಲ ಎಲೆಗಳೂ ಕಾಣುವ ಒಂದು ಜಾಗ ಉಳಿಯುತ್ತದೆ. ಅದು ಸರ್ವರ್. ಹಂಚುವವನಿಗೆ ಎಲ್ಲ ಎಲೆ ಗೊತ್ತಿರಲೇಬೇಕು.

2007ರಲ್ಲಿ ಆಬ್ಸಲ್ಯೂಟ್ ಪೋಕರ್‌ನಲ್ಲಿ ಕೆಲವು ಖಾತೆಗಳು ವಿಚಿತ್ರವಾಗಿ ಆಡುತ್ತಿವೆ ಅಂತ ಆಟಗಾರರಿಗೆ ಗುಮಾನಿ ಬಂತು. ಕೆಟ್ಟ ಎಲೆ ಹಿಡಿದು ದೊಡ್ಡ ಬಾಜಿ ಕಟ್ಟುತ್ತಿದ್ದರು, ಎದುರಾಳಿಯ ಎಲೆ ಅದಕ್ಕಿಂತಲೂ ಕೆಟ್ಟದಾಗಿದ್ದಾಗ ಮಾತ್ರ. ಎದುರಾಳಿಗೆ ಒಳ್ಳೆಯ ಎಲೆ ಇದ್ದಾಗ ತಪ್ಪದೆ ಹಿಂದೆ ಸರಿಯುತ್ತಿದ್ದರು. ಅವುಗಳಲ್ಲಿ ಪಾಟ್‌ರಿಪ್ಪರ್ ಎಂಬ ಖಾತೆ ಒಂದು ಟೂರ್ನಿ ಗೆದ್ದಿತು. ಎರಡನೆಯ ಸ್ಥಾನ ಪಡೆದವರು ಕಂಪನಿಯನ್ನು ಟೂರ್ನಿಯ ದಾಖಲೆ ಕೇಳಿದರು. ಸಾಮಾನ್ಯವಾಗಿ ಕೇಳಿದವರ ಸ್ವಂತ ಎಲೆಗಳಷ್ಟೇ ಅದರಲ್ಲಿ ಇರುತ್ತವೆ. ಈ ಸಲ ಕಂಪನಿಯಿಂದ ಬಂದ ಫೈಲಿನಲ್ಲಿ ಎಲ್ಲರ ಮುಚ್ಚಿದ ಎಲೆಗಳೂ ಇದ್ದವು. ಯಾರು ಯಾವ ಟೇಬಲನ್ನು ನೋಡುತ್ತಿದ್ದರು, ಯಾವ ಐಪಿ ವಿಳಾಸದಿಂದ (ಇಂಟರ್‌ನೆಟ್‌ನಲ್ಲಿ ಅವರ ಸಂಪರ್ಕದ ಗುರುತಿನ ಸಂಖ್ಯೆ) ಅನ್ನುವುದೂ ಇತ್ತು.

ಆಟಗಾರರೇ ಕೂತು ಆ ಫೈಲನ್ನು ಬಿಡಿಸಿದರು. 363ನೇ ಸಂಖ್ಯೆಯ ಒಂದು ಖಾತೆ ಆಡದೆ ಬರೀ ನೋಡುತ್ತಾ ಕೂತಿತ್ತು, ಅದೂ ಪಾಟ್‌ರಿಪ್ಪರ್ ಇದ್ದ ಟೇಬಲ್ಲನ್ನೇ. ಅದು ಬಂದ ಮೇಲೆಯೇ ಪಾಟ್‌ರಿಪ್ಪರ್‌ನ ಆಟ ಬದಲಾಗಿತ್ತು. ಜಾಡು ಹಿಡಿದು ಹೋದರೆ ಅದು ಕಂಪನಿಯ ಒಳಕ್ಕೇ ತಲುಪಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತಾಣಕ್ಕೆ ಪರವಾನಗಿ ಕೊಟ್ಟಿದ್ದ ಕಾನಾವಾಕೆ ಗೇಮಿಂಗ್ ಕಮಿಷನ್ 2008ರಲ್ಲಿ 5 ಲಕ್ಷ ಡಾಲರ್ ದಂಡ ಹಾಕಿತು.

ಅದೇ ವರ್ಷ ಅಲ್ಟಿಮೇಟ್ ಬೆಟ್‌ನದ್ದು ಹೊರಬಂತು. ಅಲ್ಲಿ ಇಂಥ ಕಳ್ಳಗಣ್ಣು ವರ್ಷಗಟ್ಟಲೆ ತೆರೆದೇ ಇತ್ತು. ಕಮಿಷನ್ 15 ಲಕ್ಷ ಡಾಲರ್ ದಂಡ ಹಾಕಿತು. ಕಳೆದುಕೊಂಡವರಿಗೆ ದುಡ್ಡು ಹಿಂದಿರುಗಿಸಬೇಕಾಯಿತು. ಅಲ್ಲೂ ಮೊದಲು ಪತ್ತೆ ಹಚ್ಚಿದ್ದು ಆಟಗಾರರೇ, ಅದೂ ಸಂಖ್ಯಾಶಾಸ್ತ್ರದಿಂದ. ಸಾವಿರಾರು ಸುತ್ತುಗಳ ದಾಖಲೆ ಕೂಡಿಟ್ಟು ಲೆಕ್ಕ ಹಾಕಿದಾಗ, ನಿಯೊನಿಯೊ ಎಂಬ ಖಾತೆಯ ಗೆಲುವು ಅದೃಷ್ಟ ಅಂತ ನಂಬಲು ಸಾಧ್ಯವೇ ಇಲ್ಲದಷ್ಟು ಎತ್ತರದಲ್ಲಿತ್ತು.

ಇಲ್ಲಿ ಬೀಗ, ಪ್ರಮಾಣಪತ್ರ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಎಲೆಯನ್ನು ಆಟ ನಡೆಯುತ್ತಿರುವಾಗಲೇ ಯಾವ ನೌಕರನೂ ನೋಡಲಾಗದಂತೆ ವ್ಯವಸ್ಥೆ ಕಟ್ಟಬೇಕು. ತನಿಖೆಗೆ ಬೇಕೆಂದರೆ ಸುತ್ತು ಮುಗಿದ ಮೇಲೆ ನೋಡಲಿ, ಯಾರು ನೋಡಿದರು ಅನ್ನುವುದೂ ಅಳಿಸಲಾಗದಂತೆ ದಾಖಲಾಗಲಿ. ದೋಷ ಹುಡುಕಲು ಅಂತಲೋ ಪ್ರಯೋಗಕ್ಕೆ ಅಂತಲೋ ಪ್ರೋಗ್ರಾಮರ್‌ಗಳು ಎಲ್ಲವನ್ನೂ ಕಾಣುವ ಕಿಟಕಿಯೊಂದನ್ನು ಇಟ್ಟುಕೊಳ್ಳುತ್ತಾರೆ. ಆ ಕಿಟಕಿಯನ್ನು ನಿಜವಾದ ಆಟ ನಡೆಯುವ ಸರ್ವರ್‌ನಲ್ಲಿ ಬಿಟ್ಟರೆ ಒಂದಲ್ಲ ಒಂದು ದಿನ ಯಾರೋ ಇಣುಕುತ್ತಾರೆ.

ಹಂಚುವವನೇ ಬೇಡ, ಯಾರನ್ನೂ ನಂಬದೆ ಆಡಬಹುದೇ? ಈ ಪ್ರಶ್ನೆಯನ್ನು ಆನ್‌ಲೈನ್ ಪೋಕರ್ ಹುಟ್ಟುವ ಎಷ್ಟೋ ಮೊದಲು, 1979ರಲ್ಲಿ, ಮೂವರು ಕೇಳಿದ್ದರು: ಅಡಿ ಶಮೀರ್, ರೊನಾಲ್ಡ್ ರಿವೆಸ್ಟ್, ಲಿಯೊನಾರ್ಡ್ ಆಡಲ್‌ಮನ್. ಆರ್‌ಎಸ್‌ಎ ಎಂಬ ಪ್ರಸಿದ್ಧ ಗೂಢಲಿಪಿಯನ್ನು ಕೊಟ್ಟವರು ಇವರೇ. ಅವರ ಉಪಾಯ ಕೇಳಿ, ನನಗೆ ತುಂಬ ಇಷ್ಟವಾದದ್ದು. 52 ಎಲೆಗಳನ್ನು 52 ಪೆಟ್ಟಿಗೆಗೆ ಹಾಕಿ ಒಬ್ಬರು ತಮ್ಮ ಬೀಗ ಜಡಿಯುತ್ತಾರೆ, ಕಲಸಿ ಇನ್ನೊಬ್ಬರಿಗೆ ಕಳಿಸುತ್ತಾರೆ. ಆ ಇನ್ನೊಬ್ಬರಿಗೆ ಒಳಗೇನಿದೆ ಕಾಣುವುದಿಲ್ಲ. ಅವರು ಮೊದಲನೆಯವರಿಗೆ ಯಾವ ಪೆಟ್ಟಿಗೆ ಅಂತ ಆರಿಸಿ ಕೊಡುತ್ತಾರೆ. ತಮಗೆ ಬೇಕಾದ ಪೆಟ್ಟಿಗೆಗಳಿಗೆ ತಮ್ಮ ಬೀಗವನ್ನೂ ಸೇರಿಸಿ ವಾಪಸ್ ಕಳಿಸುತ್ತಾರೆ. ಮೊದಲನೆಯವರು ತಮ್ಮ ಬೀಗ ತೆಗೆದು ಹಿಂದಿರುಗಿಸುತ್ತಾರೆ. ಈಗ ಪೆಟ್ಟಿಗೆಯ ಮೇಲೆ ಎರಡನೆಯವರ ಬೀಗ ಮಾತ್ರ. ಅವರು ತೆಗೆದು ನೋಡುತ್ತಾರೆ. ಯಾವ ಬೀಗವನ್ನು ಮೊದಲು ಹಾಕಿದರೂ, ಯಾವುದನ್ನು ಮೊದಲು ತೆಗೆದರೂ ನಡೆಯುತ್ತದೆ ಅನ್ನುವುದೇ ಇಲ್ಲಿನ ಗುಟ್ಟು.

ಆದರೆ ಆ ಮೊದಲ ಉಪಾಯದಲ್ಲೂ ಸೋರಿಕೆ ಇತ್ತು. ಸಂಖ್ಯೆಯ ಒಂದು ಗಣಿತದ ಗುಣ ಬೀಗ ಹಾಕಿದ ಮೇಲೂ ಬದಲಾಗದೆ ಉಳಿಯುತ್ತಿತ್ತು. ಮೂಲೆ ಮಡಚಿದ ಎಲೆಯನ್ನು ಹಿಂದಿನಿಂದಲೇ ಗುರುತಿಸಿದ ಹಾಗೆ. ಇದನ್ನು ಸರಿಪಡಿಸಲು ಹೊರಟ ಶಫಿ ಗೋಲ್ಡ್‌ವಾಸರ್ ಮತ್ತು ಸಿಲ್ವಿಯೊ ಮಿಕಾಲಿ 1982ರಲ್ಲಿ ಕೊಟ್ಟ ಉತ್ತರದಿಂದ ಗೂಢಲಿಪಿ ಶಾಸ್ತ್ರದ ದಾರಿಯೇ ಬದಲಾಯಿತು. ಒಂದೇ ಸಂದೇಶಕ್ಕೆ ಎರಡು ಸಲ ಬೀಗ ಹಾಕಿದರೆ ಎರಡು ಸಲವೂ ಬೇರೆಯಾಗಿ ಕಾಣಬೇಕು ಅನ್ನುವ ನಿಯಮ ಬಂದದ್ದು ಅಲ್ಲಿಂದ. ಇಷ್ಟಾದರೂ ದೊಡ್ಡ ತಾಣಗಳು ಸರ್ವರೇ ಹಂಚುವ ಪದ್ಧತಿಯನ್ನು ಬಿಟ್ಟಿಲ್ಲ. ಬೀಗದ ಆಟ ನಿಧಾನ. ನಡುವೆ ಒಬ್ಬರ ಸಂಪರ್ಕ ಕಡಿದರೆ ಅವರ ಬೀಗ ತೆಗೆಯುವವರು ಯಾರು ಅನ್ನುವ ತೊಡಕೂ ಇದೆ.

ಆ್ಯಪ್‌ಗೆ ಬೇಡದ್ದನ್ನು ಕಳಿಸಿದಾಗ

2023ರ ಕೊನೆಯಲ್ಲಿ ಜಿಜಿಪೋಕರ್‌ನಲ್ಲಿ ಮನಿಟೇಕರ್69 ಎಂಬ ಖಾತೆ ನಂಬಲಾಗದ ವೇಗದಲ್ಲಿ ಗೆಲ್ಲುತ್ತಿತ್ತು. ಆಟಗಾರರು ದನಿ ಎತ್ತಿದರು. ಡಿಸೆಂಬರ್ ಕೊನೆಗೆ ಕಂಪನಿ ವಿವರಣೆ ಕೊಟ್ಟಿತು. ಎದುರಾಳಿಯ ಎಲೆ ಸೋರಿರಲಿಲ್ಲ. ಸೋರಿದ್ದು ಬೇರೆ ಒಂದು ಸಂಖ್ಯೆ.

ಟೇಬಲ್ಲಿನಲ್ಲಿ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಅಂತ ತೋರಿಸುವ ಒಂದು ಸಣ್ಣ ಸೌಲಭ್ಯ ಇತ್ತು. ಅದರ ಮೂಲಕ, ಕೊನೆಯವರೆಗೂ ಆಡಿದರೆ ಗೆಲ್ಲುವ ಸಾಧ್ಯತೆ ಎಷ್ಟು ಅನ್ನುವುದನ್ನು ಊಹಿಸಲು ಬೇಕಾದ ಮಾಹಿತಿ ವಿಂಡೋಸ್ ಆ್ಯಪ್‌ನಲ್ಲಿ ಸಿಗುತ್ತಿತ್ತು. ಪರದೆಯ ಮೇಲೆ ಅದು ಕಾಣುತ್ತಿರಲಿಲ್ಲ. ಆದರೆ ಆ ಆಟಗಾರ ಆ್ಯಪ್ಪನ್ನೇ ತನಗೆ ಬೇಕಾದಂತೆ ಬದಲಾಯಿಸಿಕೊಂಡಿದ್ದ. ಗೆಲ್ಲುವ ಸಾಧ್ಯತೆಯನ್ನು ಸರಿಯಾಗಿ ಲೆಕ್ಕ ಹಾಕಬೇಕಾದರೆ ಎದುರಾಳಿಯ ಎಲೆ ಗೊತ್ತಿರಬೇಕು. ಅಂದರೆ ಆ ಸಂಖ್ಯೆಯೊಳಗೆ ಎದುರಾಳಿಯ ಎಲೆಗಳ ನೆರಳು ಇರುತ್ತದೆ. ಗೆಲ್ಲುತ್ತೇನೋ ಸೋಲುತ್ತೇನೋ ಅಂತ ಗೊತ್ತಾದವನಿಗೆ ಎಲೆ ಯಾವುದಾದರೇನು? ಕಂಪನಿ ಖಾತೆಯನ್ನು ನಿಷೇಧಿಸಿತು, 29,795 ಡಾಲರ್ ವಶಪಡಿಸಿಕೊಂಡಿತು.

ಇಡೀ ಲೇಖನದಲ್ಲಿ ಪ್ರೋಗ್ರಾಮರ್‌ಗಳು ನೆನಪಿಡಬೇಕಾದ್ದು ಒಂದೇ ಆದರೆ, ನಾನು ಇದನ್ನು ಆರಿಸುತ್ತೇನೆ. ಆಟಗಾರನ ಯಂತ್ರದಲ್ಲಿರುವ ಆ್ಯಪ್ ನಿಮ್ಮದಲ್ಲ. ಅದನ್ನು ಅವನು ಬಿಚ್ಚಬಹುದು, ತಿದ್ದಬಹುದು, ಮೆಮೊರಿಯನ್ನು ಓದಬಹುದು. ಟಿಎಲ್ಎಸ್ ಕಾಪಾಡುವುದು ದಾರಿಯನ್ನು, ಎರಡು ತುದಿಗಳನ್ನಲ್ಲ. 'ಕಳಿಸಿದ್ದೇವೆ, ಆದರೆ ತೋರಿಸುವುದಿಲ್ಲ' ಅನ್ನುವುದು ಬಚ್ಚಿಡುವುದಲ್ಲ. ಆ ಕ್ಷಣಕ್ಕೆ ಆ ಆಟಗಾರನಿಗೆ ತಿಳಿಯುವ ಹಕ್ಕಿಲ್ಲದ ಯಾವುದೂ ಸರ್ವರ್ ಬಿಟ್ಟು ಹೊರಡಲೇಬಾರದು.

ನಿಮ್ಮ ಪರದೆಯನ್ನೇ ನೋಡುವವನು

ಎಲೆ ಕೊನೆಗೂ ನಿಮ್ಮ ಪರದೆಗೆ ಬಂತು. ಇಲ್ಲಿ ಎಲ್ಲ ಬೀಗಗಳೂ ತೆರೆದಿರುತ್ತವೆ, ತೆರೆಯಲೇಬೇಕು.

2013ರ ಸೆಪ್ಟೆಂಬರ್. ಫಿನ್ಲೆಂಡಿನ ವೃತ್ತಿಪರ ಆಟಗಾರ ಯೆನ್ಸ್ ಕ್ಯುಲ್ಲೊನೆನ್ ಟೂರ್ನಿಗೆಂದು ಬಾರ್ಸಿಲೋನಾಕ್ಕೆ ಹೋಗಿದ್ದರು. ಹೋಟೆಲ್ ಕೋಣೆಯಿಂದ ಅವರ ಲ್ಯಾಪ್‌ಟಾಪ್ ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮತ್ತೆ ಇದ್ದ ಜಾಗದಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸಿಕ್ಕಿತಲ್ಲ ಅಂತ ಸಮಾಧಾನಪಡುತ್ತಿದ್ದರೇನೋ. ಅವರು ಹಾಗೆ ಬಿಡಲಿಲ್ಲ, ಎಫ್‌-ಸೆಕ್ಯೂರ್ ಎಂಬ ಕಂಪ್ಯೂಟರ್ ಭದ್ರತೆಯ ಕಂಪನಿಗೆ ಪರೀಕ್ಷೆಗೆ ಕೊಟ್ಟರು. ಅದರಲ್ಲಿ ಜಾವಾದಲ್ಲಿ ಬರೆದ ಬೇಹುಗಾರ ತಂತ್ರಾಂಶ ಸಿಕ್ಕಿತು. ಪರದೆಯ ಚಿತ್ರ ತೆಗೆದು ದೂರಕ್ಕೆ ಕಳಿಸುವುದು ಅದರ ಕೆಲಸ. ಯಂತ್ರವನ್ನು ಕೈಗೆ ತೆಗೆದುಕೊಂಡವನಿಗೆ ಇಂಥದ್ದನ್ನು ಹಾಕಲು ಒಂದು ಯುಎಸ್‌ಬಿ ಕಡ್ಡಿ, ಕೆಲವು ನಿಮಿಷ ಸಾಕು.

ಎರಡು ವರ್ಷದ ಬಳಿಕ, 2015ರಲ್ಲಿ, ಕಂಪ್ಯೂಟರ್ ಭದ್ರತೆಯ ಇಸೆಟ್ ಕಂಪನಿ ಓಡ್ಲನೋರ್ ಎಂಬ ಟ್ರೋಜನ್ ಅನ್ನು, ಅಂದರೆ ಒಳ್ಳೆಯ ತಂತ್ರಾಂಶದ ವೇಷದಲ್ಲಿ ಒಳನುಗ್ಗುವ ಕಳ್ಳ ತಂತ್ರಾಂಶವನ್ನು, ಕಂಡುಹಿಡಿಯಿತು. ಇದಕ್ಕೆ ಹೋಟೆಲ್ ಕೋಣೆಗೆ ನುಗ್ಗುವ ಅಗತ್ಯ ಇರಲಿಲ್ಲ. ಎಲ್ಲೆಲ್ಲಿಂದಲೋ ಇಳಿಸಿಕೊಂಡ ಉಚಿತ ತಂತ್ರಾಂಶಗಳ ಜೊತೆ, ಪೋಕರ್ ಲೆಕ್ಕ ಹಾಕಿಕೊಡುವ ಸಾಧನಗಳ ಜೊತೆ ಅದು ಒಳಗೆ ಬರುತ್ತಿತ್ತು. ಪೋಕರ್‌ಸ್ಟಾರ್ಸ್ ಅಥವಾ ಫುಲ್ ಟಿಲ್ಟ್ ಪೋಕರ್ ತೆರೆದ ಕೂಡಲೇ ಆ ಕಿಟಕಿಯ ಚಿತ್ರ ತೆಗೆಯುತ್ತಿತ್ತು. ಚಿತ್ರದಲ್ಲಿ ಎಲೆಗಳ ಜೊತೆ ಆಟಗಾರನ ಐಡಿಯೂ ಇರುತ್ತಿತ್ತು. ಆ ತಾಣಗಳಲ್ಲಿ ಐಡಿ ಕೊಟ್ಟು ಆಟಗಾರನನ್ನು ಹುಡುಕಬಹುದಿತ್ತು. ಹಾಗಾಗಿ ಕಳ್ಳ ನೇರವಾಗಿ ಅದೇ ಟೇಬಲ್ಲಿಗೆ ಬಂದು ಎದುರು ಕೂರುತ್ತಿದ್ದ. ನೂರಾರು ಯಂತ್ರಗಳಿಗೆ ಅದು ಹರಡಿತ್ತು, ಹೆಚ್ಚಿನವು ಪೂರ್ವ ಯುರೋಪಿನವು.

ಇಬ್ಬರು ಮೂವರು ಆಟಗಾರರು ಫೋನಿನಲ್ಲಿ ತಮ್ಮ ಎಲೆ ಹೇಳಿಕೊಂಡು ನಾಲ್ಕನೆಯವನನ್ನು ಸೋಲಿಸುವುದೂ ಇದೆ. ಅದಕ್ಕೆ ಯಾವ ಹ್ಯಾಕಿಂಗೂ ಬೇಡ, ಯಾವ ಗೂಢಲಿಪಿಯೂ ಅದನ್ನು ತಡೆಯದು. ಆಟದ ದಾಖಲೆ ನೋಡಿ ಪತ್ತೆ ಹಚ್ಚಬೇಕಷ್ಟೆ.

ಆಡುವವರು ತಮ್ಮ ಕಡೆಯಿಂದ ಮಾಡಬಹುದಾದ್ದು ಈ ಕಥೆಗಳಲ್ಲೇ ಇದೆ. ದುಡ್ಡಿನ ಆಟಕ್ಕೆ ಬಳಸುವ ಯಂತ್ರದಲ್ಲಿ ಗುರುತಿಲ್ಲದ ಕಡೆಯಿಂದ ಇಳಿಸಿದ ತಂತ್ರಾಂಶ ಬೇಡ, ಅದರಲ್ಲೂ ಎದುರಾಳಿಯ ಎಲೆ ತೋರಿಸುತ್ತೇನೆ ಅನ್ನುವುದಂತೂ ಬೇಡವೇ ಬೇಡ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಕೋಣೆಯಲ್ಲಿ ಯಂತ್ರ ಬಿಟ್ಟು ಹೋಗುವಾಗ ಪೂರ್ತಿ ಆಫ್ ಮಾಡಿ. ಎರಡು ಹಂತದ ಲಾಗಿನ್ ಇದ್ದರೆ ಹಾಕಿಕೊಳ್ಳಿ. ಪ್ರಮಾಣಪತ್ರದ ಎಚ್ಚರಿಕೆ ಬಂದರೆ ಮುಂದುವರಿಯಬೇಡಿ. ಹೊರಗಿನ ವೈಫೈನಲ್ಲಿ ವಿಪಿಎನ್ (ನಿಮ್ಮ ಎಲ್ಲ ಸಂದೇಶಗಳಿಗೂ ಬೀಗ ಹಾಕಿ ತನ್ನ ಸರ್ವರ್ ಮೂಲಕ ಕಳಿಸುವ ಸೇವೆ) ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ಅದು ವಿಪಿಎನ್ ಸರ್ವರ್‌ವರೆಗೆ ಮಾತ್ರ. ಅಲ್ಲಿಂದ ಮುಂದೆ ಆ್ಯಪ್‌ನ ಬೀಗವೇ ಗತಿ. ಮತ್ತೆ, ಆಡಿದ ಪ್ರತಿ ಸುತ್ತಿನ ದಾಖಲೆಯನ್ನೂ ನಿಮ್ಮ ಯಂತ್ರದಲ್ಲೇ ಉಳಿಸಿಕೊಳ್ಳಿ. ಆಬ್ಸಲ್ಯೂಟ್ ಪೋಕರ್, ಅಲ್ಟಿಮೇಟ್ ಬೆಟ್ ಎರಡರಲ್ಲೂ ಕಳ್ಳತನ ಹೊರಬಂದದ್ದು ಆಟಗಾರರು ಅಂಥ ಫೈಲುಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಸುತ್ತನ್ನು ಓದಿದ್ದರಿಂದ.